ಹಗ್ಗ ಬಿಟ್ಟವನ ಪಾಲು

ಕಾಪು ಪಡು
೧೨-೧೦-೧೯೭೯

ಭೋಜನಿಗೆ,

ಅಜ್ಜಿ ಅಪ್ಪಿ ಬರೆಯುವುದು. ಕಾಗದದ ತಲೆಯಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಬೇಕೆಂದು ಮೂರನೇ ಕ್ಲಾಸಿನಲ್ಲಿ ಮಾಸ್ಟ್ರು ಕಲಿಸಿದ್ದರು. ನಾನು ಬರೆಯುವುದಿಲ್ಲ. ನಿನ್ನ ತಾಯಿ ಬೇಬಿ ನೀನು ಹೋದಂದಿನಿಂದ ಸರಿಯಾಗಿ ಉಂಡಿಲ್ಲ. ನನಗೆ ಉಣ್ಣಲು ತೊಂದರೆ ಇಲ್ಲ, ಸಿಟ್ಟು ಬಂದರೆ ನನಗೆ ಹಸಿವು ಜಾಸ್ತಿ.

ನೀನು ಹೋದದ್ದು ನನಗೆ ಹೇಗೆ ತಿಳಿಯಿತು ಗೊತ್ತುಂಟಾ? ಬೆಳಿಗ್ಗೆ ರಂಪಣಿ ಬಲೆ ಬಿಟ್ಟಿದ್ದರು. ಹಗ್ಗ ಹಿಡಿಯಲು ಊರಿನ ಗಂಡಸರೆಲ್ಲ ಸಾಲಾಗಿ ನಿಂತಾಗ ನಿನ್ನ ಜಾಗ ಖಾಲಿ. ರಂಪಣಿ ನಡೆಸುವ ದೂಮ ಗುರಿಕಾರರು ಜನ ಕಳಿಸಿದರು, ಭೋಜನಿಗೆ ಜ್ವರವಾ ಕೇಳಿ ಬಾ ಎಂದು. ಮಲಗಿದ್ದಾನೆ, ಎಬ್ಬಿಸುತ್ತೇನೆ ಎಂದು ನಾನು ದೊಡ್ಡ ಬಾಯಿಯಲ್ಲಿ ಹೇಳಿ ಒಳಗೆ ಹೋದೆ. ಚಾಪೆ ಸುತ್ತಿಟ್ಟಿತ್ತು. ಬಂದ ಜನ ಜಗಲಿಯಲ್ಲಿ ಕಾಯುತ್ತಾ ಇದ್ದ. ನಾನು ಹೊರಗೆ ಬರಲಿಕ್ಕೆ ಎಷ್ಟು ಹೊತ್ತು ಮಾಡಿದೆ ಎಂದು ಅವನನ್ನು ಕೇಳು, ಊರಿಗೆಲ್ಲ ಹೇಳಿದ್ದಾನೆ.

ಆಮೇಲೆ ಬಾವಿಕಟ್ಟೆಯಲ್ಲಿ ಉಮಾನಾಥನ ಹೆಂಡತಿ ಸರಸ ಹೇಳಿದಳು. ಅವಳ ಗಂಡ ಮಲ್ಪೆಯ ಧರ್ಮಪಾಲಣ್ಣನ ಪರ್ಸಿನ್ ಬೋಟು ನಡೆಸುವ ತಂಡೇಲ ಆಗಿದ್ದಾನಂತೆ, ಬೋಟು ರತ್ನಗಿರಿಯಲ್ಲಿ ಮೀನು ಹಿಡಿಯುತ್ತದಂತೆ, ನಮ್ಮ ಭೋಜನೂ ಸೇರಿದ್ದಾನಂತೆ. ನಮ್ಮ ಮನೆಯ ಸುದ್ದಿ ನನಗೆ ಅವಳು ಹೇಳಬೇಕು.

ರಂಪಣಿ ಬಲೆ ಒಬ್ಬ ಯಜಮಾನನದ್ದಲ್ಲ. ಮನೆಗೊಂದು ತುಂಡು ತಂದು ಸೇರಿಸಿ ಹೊಲಿದದ್ದು. ನಮ್ಮ ಮನೆಯ ತುಂಡು ನಿನ್ನ ಅಜ್ಜ ಇದ್ದಾಗ ನಾನೇ ಹೆಣೆದದ್ದು. ತುಂಡಿಗೆ ಒಂದು ಪಾಲು, ಹಗ್ಗ ಎಳೆಯುವ ಆಳಿಗೆ ಒಂದು ಪಾಲು. ಈಗ ತುಂಡು ಸಮುದ್ರದಲ್ಲಿ ಉಂಟು, ಆಳಿಲ್ಲ. ಪಾಲು ಹಾಕುವಾಗ ಗುರಿಕಾರರು ಏನೂ ಮಾತಾಡಲಿಲ್ಲ. ಅವರು ಬೈದಿದ್ದರೆ ನಾನೂ ಬೈಯಬಹುದಿತ್ತು.

ನಿಮಗೆ ಸಂಬಳ ಮೇ ತಿಂಗಳಲ್ಲಿ, ಬೋಟು ದಡಕ್ಕೆ ಎಳೆದ ಮೇಲೆಯಂತೆ. ಅಲ್ಲಿವರೆಗೆ ಊಟ, ಮತ್ತೆ ಬೀಡಿಗೆ ಏನೋ ಚಿಲ್ಲರೆ. ಯಾಕೆ ಹಾಗೆ ಎಂದು ಕೇಳಿದ್ದೀಯಾ? ನಡುವಲ್ಲಿ ಕೊಟ್ಟರೆ ನಿನ್ನಂಥವರು ಓಡುತ್ತಾರೆ ಎಂದು. ನಮ್ಮನ್ನು ಬಿಟ್ಟು ಓಡಿದವನನ್ನು ಅವರು ಓಡದ ಹಾಗೆ ಕಟ್ಟಿಹಾಕಿದ್ದಾರೆ. ನನಗೆ ಸ್ವಲ್ಪ ನಗು ಬಂತು ಮಾರಾಯ. ಇಲ್ಲಿ ಮೀನು ದಡದ ಹೊಯಿಗೆಗೆ ಬಿದ್ದ ಹೊತ್ತಿಗೇ ಪಾಲು. ಸಾಲ ಹೇಳುವ ರಂಪಣಿ ನಾನು ಕಂಡಿಲ್ಲ.

ಹೊದೆಯುವುದಕ್ಕೆ ತಕ್ಕೊಂಡು ಹೋಗಿದ್ದೀಯಾ ಇಲ್ಲವಾ ಎಂದು ನಿನ್ನ ತಾಯಿ ಕೇಳುತ್ತಾಳೆ. ನಾನು ಕೇಳುವುದಿಲ್ಲ.

ಸಿಟ್ಟು ಇಳಿಯದ
ಅಜ್ಜಿ ಅಪ್ಪಿ


ಕಾಪು ಪಡು
೨೫-೧೧-೧೯೭೯

ಭೋಜನಿಗೆ,

ನಿನ್ನ ಕಾಗದ ಬಂತು. ಬೇಬಿ ಎರಡು ಸಲ ಓದಿಸಿಕೊಂಡಳು. ಬೋಟಿನ ಇಂಜಿನಿನ ಬಗ್ಗೆ ಒಂದು ಪುಟ, ಬಲೆಯ ಬಾಯಿಯನ್ನು ಕೆಳಗಿನಿಂದ ಚೀಲದ ಹಾಗೆ ಬಿಗಿಯುವ ಬಗ್ಗೆ ಒಂದು ಪುಟ, ತಾಯಿಯ ಬಗ್ಗೆ ಒಂದು ಗೆರೆ. ನಮ್ಮ ರಂಪಣಿ ತಿಂಗಳಿಡೀ ಎಳೆಯುವುದನ್ನು ನೀವು ಒಂದೇ ಬಲೆಗೆ ಎತ್ತುತ್ತೀರಿ ಎಂದು ಬರೆದಿದ್ದೀ. ಗೊತ್ತುಂಟು. ಇಲ್ಲಿ ಮೊನ್ನೆ ಬಲೆಗೆ ಬಿದ್ದದ್ದು ಏಡಿ ಮತ್ತು ಕಸ. ಬಂಗುಡೆಯ ಹಿಂಡು ದಡಕ್ಕೆ ಬರುವ ಮೊದಲೇ ಹೊರಗೆ ನಿಮ್ಮಂಥ ಬೋಟುಗಳು ಬಾಚಿ ಆಗಿರುತ್ತದೆ. ಗಂಡಸರು ಹೊಯಿಗೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿ ಬೈಯುತ್ತಾರೆ. ಬೈಗಳಲ್ಲಿ ನಿನ್ನ ಹೆಸರೂ ಬರುತ್ತದೆ. ಆಗ ನಾನು ಸೆರಗು ಕೊಡವಿಕೊಂಡು ಎದ್ದು ಬರುತ್ತೇನೆ.

ಒಂದು ಮಾತು ಹೇಳುತ್ತೇನೆ, ನಗಬೇಡ. ಪರ್ಸಿನ್ ಮೀನು ನಾನು ಮುಟ್ಟುವುದಿಲ್ಲ ಎಂದು ಬಾವಿಕಟ್ಟೆಯಲ್ಲಿ ಹೇಳಿದ್ದೆ. ಮುಟ್ಟಿದೆ. ಮೀನು ಮಾರುವವಳು ಖಾಲಿ ಬುಟ್ಟಿ ಹೊತ್ತು ಕಾರ್ಕಳಕ್ಕೆ ಹೋಗಲು ಆಗುತ್ತದಾ? ಬೆಳಿಗ್ಗೆ ಮೊದಲ ಬಸ್ಸಿಗೆ ಉಡುಪಿ, ಅಲ್ಲಿಂದ ಬೋಟು ಬಂದು ನಿಲ್ಲುವ ಮಲ್ಪೆ ದಕ್ಕೆ. ಧರ್ಮಪಾಲಣ್ಣನ ಇನ್ನೊಂದು ಬೋಟಿನ ಬೂತಾಯಿ ಮೀನು ಬುಟ್ಟಿಗೆ ಹಾಕಿಸಿಕೊಂಡು ಕಾರ್ಕಳದ ಬಸ್ಸು ಹತ್ತಿದೆ. ಕಂಡಕ್ಟರ್, ಅಜ್ಜಿ ಬುಟ್ಟಿ ಮೇಲೆ ಹಾಕಿ, ನೀರು ಸೋರುತ್ತದೆ ಅಂದ. ನಿನ್ನ ಮದುವೆಗೆ ಇದೇ ಪನ್ನೀರು ಅಂದೆ. ಬಸ್ಸಿಡೀ ನಗು. ಮೀನು ಎಲ್ಲ ಮಾರಿ ಖರ್ಚಾಯಿತು. ಮನೆಗೆ ಬಂದ ಮೇಲೆ ಯಾರಲ್ಲೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಎಲ್ಲರೂ ಅದನ್ನೇ ಮಾಡುತ್ತಾರೆ ಎಂದು ಕಾಣುತ್ತದೆ.

ರತ್ನಗಿರಿಯಲ್ಲಿ ನೀವು ದಡಕ್ಕೆ ಬಂದಾಗ ಊಟ ಲೊರ್ನಾಬಾಯಿಯ ಹೋಟೆಲಿನಲ್ಲಿ ಎಂದು ಬರೆದಿದ್ದೀ. ನಮ್ಮ ಪಕ್ಕದ ಶಿರ್ವದವರಾದರೆ ನಮ್ಮವರೇ ಆಯಿತು. ಅವರಿಗೆ ನನ್ನ ನಮಸ್ಕಾರ ಹೇಳು. ಅವರ ಮೀನುಸಾರು ಎಷ್ಟು ರುಚಿ ಎಂದು ಇನ್ನೊಮ್ಮೆ ಬರೆಯಬೇಡ, ನಿನ್ನ ತಾಯಿಯ ಮುಖ ಸಣ್ಣದಾಗುತ್ತದೆ.

ಗುರಿಕಾರರು ಸಿಕ್ಕಿ, ಹುಡುಗ ಬರುವ ಅಂದಾಜು ಉಂಟಾ ಎಂದು ಕೇಳಿದರು. ಉಂಟು ಎಂದೆ. ಯಾವಾಗ ಎಂದು ಅವರು ಕೇಳಲಿಲ್ಲ. ದೊಡ್ಡ ಮನುಷ್ಯ.

ಅಜ್ಜಿ ಅಪ್ಪಿ


ಕಾಪು ಪಡು
೬-೧-೧೯೮೦

ಭೋಜನಿಗೆ,

ಲೊರ್ನಾಬಾಯಿ ಬರೆದ ಕಾಗದ ನಿನ್ನೆ ಸಿಕ್ಕಿತು. ಬಲೆ ಬಿಗಿಯುವ ಹಗ್ಗಕ್ಕೂ ಇಂಜಿನಿನ ಉರುಳೆಗೂ ನಡುವೆ ನಿನ್ನ ಬಲಗೈ ಸಿಕ್ಕಿದ್ದು, ಎರಡು ಬೆರಳು ಜಜ್ಜಿ ಹೋದದ್ದು, ಅಲ್ಲಿಯ ಡಾಕ್ಟರು ಪಟ್ಟಿ ಕಟ್ಟಿದ್ದು ಎಲ್ಲ ಬರೆದಿದ್ದಾರೆ. ಅಕ್ಷರ ಮುತ್ತಿನ ಹಾಗೆ ಉಂಟು. ಸುದ್ದಿ ಮಾತ್ರ ಹೀಗೆ. ಬೇಬಿಗೆ ಬೆರಳಿಗೆ ಸ್ವಲ್ಪ ತಾಗಿದೆ ಎಂದಷ್ಟೇ ಓದಿ ಹೇಳಿದ್ದೇನೆ. ನೀನೂ ಹಾಗೆಯೇ ಬರೆ.

ಈಗ ನಾನು ಹೇಳುವುದನ್ನು ಸರಿಯಾಗಿ ಕೇಳು. ನೀನು ಸಣ್ಣವನಿದ್ದಾಗ ನಿನ್ನ ಅಜ್ಜನ ಕಾಲು ಮುರಿದಿತ್ತು, ನಿನಗೆ ನೆನಪಿರಲಿಕ್ಕಿಲ್ಲ. ದೋಣಿ ನೂಕುವಾಗ ಕಾಲಿನ ಮೇಲೆ ಬಂದದ್ದು. ಆ ಮೀನಿನ ಕಾಲವಿಡೀ ಅವರು ಹಗ್ಗ ಮುಟ್ಟಲಿಲ್ಲ. ಆದರೂ ಅವರ ಪಾಲು ತಪ್ಪಲಿಲ್ಲ. ಹಗ್ಗದಲ್ಲಿದ್ದವನಿಗೆ ಪೆಟ್ಟಾದರೆ ಪಾಲು ನಿಲ್ಲಿಸುವುದಿಲ್ಲ, ಅದು ಕಟ್ಟಳೆ. ಒಂದೇ ಷರತ್ತು ಉಂಟು. ಪೆಟ್ಟಾದವನು ಮನೆಯೊಳಗೆ ಮಲಗಬಾರದು. ಬಲೆ ಬಿಡುವಾಗ, ಎಳೆಯುವಾಗ ಹೊಯಿಗೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಬಂದು ಕೂರಬೇಕು. ನಾನು ನಿಮ್ಮವನೇ, ಎಲ್ಲಿಗೂ ಹೋಗಲಿಲ್ಲ, ಕೈಲಾಗುವುದಿಲ್ಲ ಅಷ್ಟೇ ಎಂದು ಹೇಳಿದ ಹಾಗೆ. ನಿನ್ನ ಅಜ್ಜನನ್ನು ನಾನೂ ನನ್ನ ಅಣ್ಣನೂ ಹಲಗೆಯ ಮೇಲೆ ಹೊತ್ತುಕೊಂಡು ಹೋಗಿ ಕೂರಿಸುತ್ತಿದ್ದೆವು, ಮೇಲೆ ಒಂದು ತೆಂಗಿನ ಮಡಲಿನ ನೆರಳು. ಕೂತಲ್ಲಿಂದಲೇ ಹಗ್ಗ ಎಳೆಯುವವರನ್ನು ಬೈದು ಬೈದು ಸುಸ್ತಾಗುತ್ತಿದ್ದರು. ಇವನಿಗೆ ಎರಡು ಪಾಲು ಕೊಟ್ಟಾದರೂ ಮನೆಗೆ ಕಳಿಸಿ ಎಂದು ಜನ ಹೇಳುತ್ತಿದ್ದರು.

ಆದ್ದರಿಂದ ನೀನು ಬೋಟು ಹತ್ತಬೇಡ. ಕೈ ಮುಷ್ಟಿ ಕಟ್ಟಲಿಕ್ಕೆ ಬರುವವರೆಗೆ ಹತ್ತಬೇಡ. ಉಮಾನಾಥ ಕರೆದರೂ ಇಲ್ಲ ಅನ್ನು, ಅಜ್ಜಿ ಹೇಳಿದ್ದಾಳೆ ಅನ್ನು. ಅವನೂ ಕಾಪುವಿನವನೇ, ಕಟ್ಟಳೆ ಗೊತ್ತಿಲ್ಲದವನಲ್ಲ. ಬೋಟು ಹೊರಡುವಾಗ, ಬರುವಾಗ ದಕ್ಕೆಯಲ್ಲಿ ಹೋಗಿ ಕೂತುಕೋ. ಬೇರೇನೂ ಮಾಡಬೇಕಾಗಿಲ್ಲ. ನಿನ್ನದು ನಿನಗೆ ಬರುತ್ತದೆ.

ತಣ್ಣೀರು ಮುಟ್ಟಬೇಡ. ಪಟ್ಟಿ ನೀನೇ ಬಿಚ್ಚಬೇಡ. ಹೋಟೆಲಿನಲ್ಲಿ ಎಡಗೈಯಲ್ಲಿ ಉಣ್ಣಲು ನಾಚಿಕೆಯಾಗುತ್ತದೆ ಎಂದು ಉಪವಾಸ ಬೀಳಬೇಡ. ಗೋಡೆ ಕಡೆಗೆ ಮುಖ ಮಾಡಿ ಕೂತು ಉಣ್ಣು.

ಅಜ್ಜಿ ಅಪ್ಪಿ


ಕಾಪು ಪಡು
೩-೨-೧೯೮೦

ಭೋಜನಿಗೆ,

ಬೋಟಿನ ಲೆಕ್ಕದಲ್ಲಿ ನಿನ್ನ ಹೆಸರಿನ ಎದುರು ಓಡಿಹೋದವನು ಎಂದು ಬಿದ್ದಿದೆಯಂತೆ. ಇದನ್ನೂ ನಾನು ಸರಸನ ಬಾಯಿಯಿಂದ ಕೇಳಬೇಕಾಯಿತು. ಅವಳು ಕೊಡಪಾನ ತುಂಬುತ್ತಾ, ನನ್ನ ಕಡೆ ನೋಡದೆ ಹೇಳಿದಳು. ಮೂರು ಸಲ ಬೋಟು ಹೊರಡುವಾಗ ಹತ್ತದವನು ಓಡಿಹೋದವನು, ಅದು ಬೋಟಿನ ಕಾನೂನು. ಓಡಿಹೋದವನಿಗೆ ಮೊದಲು ದುಡಿದದ್ದರ ಸಂಬಳವೂ ಇಲ್ಲ. ಅದು ಉಳಿದವರಿಗೆ ಹಂಚಿ ಹೋಗುತ್ತದೆ. ಒಮ್ಮೆ ಹಾಗೆ ಹೆಸರು ಬಿದ್ದವನನ್ನು ಮಲ್ಪೆಯ ಬೇರೆ ಯಾವ ಬೋಟಿಗೂ ಹತ್ತಿಸುವುದಿಲ್ಲ. ನಾನೇನು ಮಾಡಲಿ ಅಪ್ಪಿಯಕ್ಕ, ಇವರು ಬರೆದು ಕಳಿಸಿದ್ದನ್ನು ಹೇಳಿದೆ ಎಂದಳು. ಇವರು ಎಂದರೆ ಅವಳ ಗಂಡ. ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವನೂ ಅವನೇ, ನೀನು ಓಡಿಹೋದೆ ಎಂದು ಹೇಳಿದವನೂ ಅವನೇ.

ಇಂಥದೂ ಒಂದು ಕಾನೂನಾ? ಕೈ ಜಜ್ಜಿದವನಿಗೂ ಕಾಲು ಕಿತ್ತವನಿಗೂ ಒಂದೇ ಹೆಸರಾ? ನೀನಾದರೂ ಬಾಯಿ ಬಿಟ್ಟು ಕೇಳಬೇಡವಾ, ಇಲ್ಲಿಯ ಕ್ರಮ ಎಂತ ಎಂದು? ಬೋಟಿನಲ್ಲಿ ಅಷ್ಟು ಜನ ಇದ್ದರು, ಒಬ್ಬನನ್ನು ಕೇಳಲಿಕ್ಕೆ ಆಗಲಿಲ್ಲವಾ? ಲೊರ್ನಾಬಾಯಿ ಆ ದಕ್ಕೆಯಲ್ಲೇ ಹೋಟೆಲು ಇಟ್ಟವರು, ಅವರಿಗೂ ಗೊತ್ತಿರಲಿಲ್ಲವಾ? ದಿನಾ ದಕ್ಕೆಯಲ್ಲಿ ಕೂತಿದ್ದೆ ಎಂದು ಅವರ ಕೈಯಲ್ಲಿ ಬರೆಸಿದ್ದೀ. ಬೋಟಿನ ಮೇಲಿನಿಂದ ಯಾರೂ ಮಾತಾಡಲಿಲ್ಲ, ಉಮಾನಾಥ ಒಮ್ಮೆ ನೋಡಿ ಮುಖ ತಿರುಗಿಸಿದ ಎಂದು. ಅಷ್ಟಾದ ಮೇಲಾದರೂ ಅನುಮಾನ ಬರಬಾರದಾ? ಯಾರೋ ಏನೋ ಹೇಳಿದರೆ ಹಾಗೆಯೇ ಮಾಡುತ್ತೀಯಾ?

ನಿನ್ನ ಕಾಗದದ ಕೊನೆಯ ಗೆರೆ ನನಗೆ ಹಿಡಿಸಲಿಲ್ಲ. ಊರಿಗೆ ಬರಲು ಮುಖವಿಲ್ಲ, ಬೊಂಬಾಯಿಗೆ ಹೋಗಿ ದೊಡ್ಡ ಹಡಗು ಸೇರುತ್ತೇನೆ ಎಂದು. ಹಡಗಿನವರು ನಿನ್ನ ಬಲಗೈ ನೋಡದೆ ಕೆಲಸ ಕೊಡುತ್ತಾರಾ? ಅಲ್ಲಿಗೆ ಹೋದವರಲ್ಲಿ ನಿನ್ನ ತಂದೆಯೂ ಒಬ್ಬ. ಅವನ ಕೈ ಎರಡೂ ಸರಿ ಇತ್ತು, ಆದರೂ ಒಂದು ಕಾಗದ ಬರೆಯಲಿಕ್ಕೆ ಆಗಲಿಲ್ಲ.

ಕೂತಲ್ಲೇ ಕೂತಿರು. ನಾನು ಧರ್ಮಪಾಲಣ್ಣನನ್ನು ನೋಡುತ್ತೇನೆ.

ಅಜ್ಜಿ


ಕಾಪು ಪಡು
೧೮-೨-೧೯೮೦

ಮಲ್ಪೆಯ ಧರ್ಮಪಾಲಣ್ಣನವರಿಗೆ,

ಕಾಪು ಪಡುವಿನ ಅಪ್ಪಿ ಮರಕಾಲ್ತಿಯ ನಮಸ್ಕಾರ. ಶನಿವಾರ ನಿಮ್ಮ ಅಂಗಳದಲ್ಲಿ ಕೂತಿದ್ದವಳು ನಾನೇ. ಬೇರೆ ದಿನ ಬಂದರೆ ಯಜಮಾನರು ದಕ್ಕೆಯಲ್ಲಿ, ಬ್ಯಾಂಕಿನಲ್ಲಿ, ಮಂಗಳೂರಿನಲ್ಲಿ ಎನ್ನುತ್ತಾರೆ. ಸೂರ್ಯಗ್ರಹಣದ ದಿನ ಯಾರೂ ಹೊರಗೆ ಹೋಗುವುದಿಲ್ಲ ಎಂದು ಲೆಕ್ಕ ಹಾಕಿ ಬಂದೆ. ಬಸ್ಸಿನಲ್ಲಿ ಡ್ರೈವರು, ಕಂಡಕ್ಟರು, ನಾನು ಮೂವರೇ.

ಗ್ರಹಣ ಬಿಡದೆ ಬಾಗಿಲು ತೆಗೆಯುವುದಿಲ್ಲ ಎಂದು ಒಳಗಿನಿಂದ ನಿಮ್ಮ ಮನೆಯವರು ಹೇಳಿದರು. ಒಳ್ಳೆಯದು ಎಂದು ಕೂತೆ. ಹಗಲು ಮಂಕಾಯಿತು, ನಿಮ್ಮ ಕೋಳಿಗಳು ಗೂಡಿಗೆ ಹೋದವು, ನಾನು ಹೋಗಲಿಲ್ಲ. ಬಿಟ್ಟ ಮೇಲೆ ಯಜಮಾನರು ಸ್ನಾನಕ್ಕೆ ಹೋದರು ಎಂದರು, ಸ್ನಾನ ಆದ ಮೇಲೆ ದೇವಸ್ಥಾನಕ್ಕೆ ಹೋದರು ಎಂದರು. ಹಿತ್ತಿಲ ಬಾಗಿಲಿನಿಂದ ಹೋಗಿರಬೇಕು, ಎದುರಿನ ಬಾಗಿಲಲ್ಲಿ ನಾನಿದ್ದೆ. ಆದ್ದರಿಂದ ಬರೆಯುತ್ತಿದ್ದೇನೆ. ನನ್ನ ಅಕ್ಷರ ಓದಲಿಕ್ಕೆ ಕಷ್ಟ ಉಂಟು, ನಿಧಾನ ಓದಿ.

ನನ್ನ ಮೊಮ್ಮಗ ಭೋಜ ನಿಮ್ಮ ರತ್ನಗಿರಿಯ ಬೋಟಿನಲ್ಲಿ ಇದ್ದವನು. ನಿಮ್ಮ ಹಗ್ಗದಲ್ಲಿ ಅವನ ಕೈ ಹೋಯಿತು. ಆಮೇಲೆ ಅವನು ಬೋಟು ಹತ್ತಲಿಲ್ಲ, ಅದು ನಿಜ. ಆದರೆ ಓಡಿಹೋಗುವವನು ಅಡಗುತ್ತಾನೆ. ಇವನು ಬೋಟು ಹೊರಡುವಾಗೆಲ್ಲ ದಕ್ಕೆಯ ಮೇಲೆ ನಿಮ್ಮ ಜನರ ಕಣ್ಣೆದುರು ಕೂತಿದ್ದ. ತಂಡೇಲ ಉಮಾನಾಥ ನೋಡಿದ್ದಾನೆ. ನಮ್ಮ ಕಡೆ ಆ ಕೂರುವುದಕ್ಕೆ ಅರ್ಥ ಏನು ಎಂದು ಅವನಿಗೂ ಗೊತ್ತು, ನಿಮಗೂ ಗೊತ್ತು. ನಿಮ್ಮ ತಂದೆಯವರು ರಂಪಣಿಯ ಹಗ್ಗ ಎಳೆದವರು. ನಾನು ಕಂಡಿದ್ದೇನೆ.

ಹುಡುಗ ಬೋಟು ಹತ್ತದೆ ಕೂತದ್ದು ನಾನು ಹೇಳಿದ್ದರಿಂದ. ನಿಮ್ಮ ಬೋಟಿನ ಕಾನೂನು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದು ಹೇಳಿ ನನಗೆ ಅಭ್ಯಾಸವಿಲ್ಲ, ಆದ್ದರಿಂದ ಒಂದೇ ಸಲ ಬರೆಯುತ್ತೇನೆ. ಓಡಿಹೋದವರ ಹೆಸರು ಒಂದು ಬರೆಯಲೇಬೇಕು ಎಂದಿದ್ದರೆ ಅಪ್ಪಿ ಎಂದು ಬರೆಯಿರಿ. ಅವನ ಹೆಸರು ತೆಗೆಯಿರಿ. ಅವನಿಗೆ ಇನ್ನೂ ಎಷ್ಟೋ ವರ್ಷ ಬೋಟು ಹತ್ತಬೇಕು.

ಈ ಕಾಗದದ ಸುದ್ದಿ ಹುಡುಗನಿಗೆ ತಿಳಿಸುವ ಅಗತ್ಯವಿಲ್ಲ.

ಉತ್ತರ ಕೊಡಿ. ಕೊಡದಿದ್ದರೆ ಬರುತ್ತೇನೆ. ಮುಂದಿನ ಗ್ರಹಣದವರೆಗೆ ಕಾಯುವುದಿಲ್ಲ.

ಅಪ್ಪಿ ಮರಕಾಲ್ತಿ


ಕಾಪು ಪಡು
೪-೩-೧೯೮೦

ಭೋಜನಿಗೆ,

ಧರ್ಮಪಾಲಣ್ಣ ಜನ ಕಳಿಸಿದ್ದರು. ಅವರು ಕೆಟ್ಟವರಲ್ಲ, ಹೆದರಿದವರು. ಒಬ್ಬನಿಗೆ ಬಿಟ್ಟರೆ ನಾಳೆ ಹತ್ತು ಜನ ಕೈ ಕಟ್ಟಿಕೊಂಡು ದಕ್ಕೆಯಲ್ಲಿ ಕೂರುತ್ತಾರೆ ಎನ್ನುತ್ತಾರೆ. ತಂಡೇಲ ಓಡಿಹೋದ ಎಂದರೆ ಓಡಿಹೋದ, ತಂಡೇಲನ ಮಾತಿನ ಮೇಲೆ ಯಜಮಾನ ಮಾತಾಡಿದರೆ ಬೋಟು ನಡೆಯುವುದಿಲ್ಲ ಎನ್ನುತ್ತಾರೆ. ಆದರೂ ಒಂದು ದಾರಿ ಕೊಟ್ಟಿದ್ದಾರೆ. ಬರುವ ಅಮಾವಾಸ್ಯೆಯ ಒಳಗೆ ನೀನು ಬೋಟು ಹತ್ತಿ, ಮೇ ತಿಂಗಳವರೆಗೆ ಎಲ್ಲರ ಹಾಗೆ ಹಗ್ಗ ಎಳೆದರೆ, ಹಿಂದಿನದ್ದನ್ನೆಲ್ಲ ಮರೆತು ಪೂರ್ತಿ ಸಂಬಳ. ಹೆಸರೂ ಸರಿಯಾಗುತ್ತದೆ.

ಹತ್ತು ಮಗ. ಬೆರಳು ಇನ್ನೂ ಮಡಚುವುದಿಲ್ಲ ಎಂದು ಲೊರ್ನಾಬಾಯಿ ಬರೆದಿದ್ದಾರೆ, ಗೊತ್ತುಂಟು. ಎರಡು ಬೆರಳು ತಾನೇ, ಉಳಿದ ಮೂರು ಉಂಟಲ್ಲ. ಹಲ್ಲು ಕಚ್ಚಿಕೊಂಡು ಮಳೆಗಾಲದವರೆಗೆ ತಳ್ಳು. ಉಮಾನಾಥನ ಹತ್ತಿರ ಮಾತಿಗೆ ಮಾತು ಬೆಳೆಸಬೇಡ.

ಬೇಬಿ ನಿನಗೆ ಒಣ ಸಿಗಡಿ ಚಟ್ನಿ ಮಾಡಿ ಡಬ್ಬಿ ತುಂಬಿಸಿದ್ದಾಳೆ. ಯಾರಾದರೂ ಆ ಕಡೆ ಬರುವವರಿದ್ದರೆ ಕಳಿಸುತ್ತೇವೆ.

ಅಜ್ಜಿ ಅಪ್ಪಿ


ಕಾಪು ಪಡು
೬-೩-೧೯೮೦

ಭೋಜನಿಗೆ,

ಮೊನ್ನೆಯ ಕಾಗದ ಮೊದಲು ಸಿಕ್ಕಿದ್ದರೆ ಹರಿದು ಬಿಸಾಡು. ಇದು ಮೊದಲು ಸಿಕ್ಕಿದರೆ ಅದನ್ನು ಒಡೆಯಬೇಡ.

ಬೋಟು ಹತ್ತಬೇಡ.

ನಿನ್ನೆ ನೀರು ಸೇದಲು ಹೋಗಿದ್ದೆ. ಮನಸ್ಸು ತಡೆಯಲಿಲ್ಲ. ಹಳೆಯ ಸೀರೆಯ ಅಂಚು ಹರಿದು, ಬಲಗೈಯ ಉಂಗುರಬೆರಳು ಮತ್ತು ನಡುಬೆರಳನ್ನು ಒಂದು ಕಡ್ಡಿಗೆ ಸೇರಿಸಿ ಕಟ್ಟಿಕೊಂಡೆ, ನಿನ್ನ ಬೆರಳಿನ ಹಾಗೆ ನೆಟ್ಟಗೆ. ಆಮೇಲೆ ಬಾವಿಗೆ ಕೊಡಪಾನ ಇಳಿಸಿ ಹಗ್ಗ ಎಳೆದೆ. ತುಂಬಿದ ಕೊಡಪಾನ ಅರ್ಧಕ್ಕೆ ಬರುವಾಗ ಹಗ್ಗ ಜಾರಿತು. ಹಿಡಿಯಲಿಕ್ಕೆ ಹೋದೆ, ಅಂಗೈಯ ಸಿಪ್ಪೆ ಎದ್ದಿತು. ಕೊಡಪಾನ ಹಗ್ಗ ಸಮೇತ ಕೆಳಗೆ. ಸರಸ ಅಲ್ಲೇ ನಿಂತಿದ್ದಳು. ಕೈಗೆ ಎಂತ ಆಯಿತು ಅಪ್ಪಿಯಕ್ಕ ಎಂದು ಹೆದರಿ ಕೇಳಿದಳು. ನನ್ನ ಕೈಗೆ ಎಂತದೂ ಆಗಲಿಲ್ಲ, ನಿನ್ನ ಗಂಡನನ್ನು ಕೇಳು ಎಂದೆ. ಅವಳು ಪಾತಾಳಗರಡಿ ತಂದು ಕೊಡಪಾನ ತೆಗೆದುಕೊಟ್ಟಳು.

ಇದು ಬಾವಿಯ ಹಗ್ಗ. ನಿಮ್ಮದು ಇಂಜಿನು ಎಳೆಯುವ ಹಗ್ಗ. ಜಾರಿದರೆ ಕೊಡಪಾನವಲ್ಲ ಹೋಗುವುದು.

ಹೆಸರು ಹೋಗಲಿ. ಸಂಬಳವೂ ಹೋಗಲಿ. ಓಡಿಹೋದವನು ಎಂದು ಅವರು ಬರೆದದ್ದು ಬರೆದೇ ಆಗಿದೆ, ಈಗ ನಿಜವಾಗಿ ಓಡಿ ಬಾ. ಕಾಪು ಬಸ್‌ಸ್ಟ್ಯಾಂಡಿನಲ್ಲಿ ಇಳಿ. ಗುರಿಕಾರರಲ್ಲಿ ಮಾತಾಡಿದ್ದೇನೆ. ನೀನು ಹೊಯಿಗೆಯಲ್ಲಿ ಬಂದು ಕೂತರೆ ಆಳಿನ ಪಾಲು ಹಾಕುತ್ತೇನೆ ಎಂದಿದ್ದಾರೆ. ಕೆಲವರು ಒಪ್ಪಲಿಲ್ಲ. ನಮ್ಮನ್ನು ಬಿಟ್ಟು ಹೋದವನಿಗೆ ನಾವು ಯಾಕೆ ಎಂದರು. ಅವರು ಹೇಳುವುದರಲ್ಲಿ ತಪ್ಪಿಲ್ಲ. ಬಂದು ಅವರ ಬೈಗಳು ತಿನ್ನು. ಬೈಗಳು ತಿಂದು ಯಾರಿಗೂ ಬೆರಳು ಹೋಗಲಿಲ್ಲ.

ಅಜ್ಜಿ ಅಪ್ಪಿ


ಕಾಪು ಪಡು
೨೪-೩-೧೯೮೦

ಲೊರ್ನಾಬಾಯಿಯವರಿಗೆ,

ಭೋಜನ ಅಜ್ಜಿ ಅಪ್ಪಿಯ ನಮಸ್ಕಾರ. ನಿಮ್ಮ ಕಾಗದ ಇಂದು ಬಂತು. ಅಮಾವಾಸ್ಯೆಗೆ ಮೊದಲೇ ಅವನು ಚೀಲ ಹಿಡಿದು ನಿಮಗೆ ನಮಸ್ಕಾರ ಮಾಡಿ ಹೋದ, ಎಲ್ಲಿಗೆ ಎಂದು ಹೇಳಲಿಲ್ಲ ಎಂದು ಬರೆದಿದ್ದೀರಿ. ಇಲ್ಲಿಗೆ ಬರಲಿಲ್ಲ. ನನ್ನ ಎರಡು ಕಾಗದಗಳಲ್ಲಿ ಅವನಿಗೆ ಸಿಕ್ಕಿದ್ದು ಯಾವುದು? ಎರಡೂ ಸಿಕ್ಕಿದವಾ? ಓದಿ ಏನಾದರೂ ಅಂದನಾ? ನೀವು ಬರೆಯದೆ ಬಿಟ್ಟದ್ದು ಏನಾದರೂ ಉಂಟಾ?

ಅವನ ಬಾಯಲ್ಲಿ ಬೊಂಬಾಯಿಯ ಹೆಸರು ಬಂದಿತ್ತಾ, ಅದನ್ನು ಬರೆಯಿರಿ. ನನಗೆ ಬೇಸರವಾಗುತ್ತದೆ ಎಂದು ಸುಳ್ಳು ಬರೆಯಬೇಡಿ.

ಬೇಬಿ ಸಂಜೆ ಬಸ್‌ಸ್ಟ್ಯಾಂಡಿಗೆ ಹೋಗಿ ಉಡುಪಿ ಕಡೆಯಿಂದ ಬರುವ ಬಸ್ಸುಗಳನ್ನು ನೋಡಿ ಬರುತ್ತಾಳೆ. ಹೋಗಬೇಡ, ಜನ ನೋಡಿ ಆಡಿಕೊಳ್ಳುತ್ತಾರೆ ಎಂದು ನಾನು ಬೈಯುತ್ತೇನೆ. ಅವಳು ಹೋಗದ ದಿನ ನಾನು ಹೋಗುತ್ತೇನೆ. ನಿನ್ನೆ ಇಬ್ಬರೂ ಅಲ್ಲೇ ಸಿಕ್ಕಿದೆವು.

ಅಪ್ಪಿ


ಕಾಪು ಪಡು
೧೦-೬-೧೯೮೦

ಲೊರ್ನಾಬಾಯಿಯವರಿಗೆ,

ಅಪ್ಪಿಯ ನಮಸ್ಕಾರ. ಭೋಜ ಸಿಕ್ಕಿದ್ದಾನೆ ಎಂದು ಏಪ್ರಿಲಿನಲ್ಲಿ ಒಂದು ಕಾರ್ಡು ಹಾಕಿದ್ದೆ. ಪೂರ್ತಿ ಬರೆಯಲು ಈಗ ಪುರುಸೊತ್ತಾಯಿತು. ಮಳೆ ಹಿಡಿದಿದೆ, ಸಮುದ್ರಕ್ಕೆ ಯಾರೂ ಇಳಿಯುವುದಿಲ್ಲ, ನನ್ನ ಬುಟ್ಟಿ ಬೋರಲು ಬಿದ್ದಿದೆ.

ಅವನು ಬೊಂಬಾಯಿಗೆ ಹೋಗಿರಲೇ ಇಲ್ಲ, ನನ್ನ ಎರಡನೇ ಕಾಗದ ಓದಿ ಊರಿಗೇ ಹೊರಟಿದ್ದನಂತೆ. ಉಡುಪಿಯಲ್ಲಿ ಬಸ್ಸು ಇಳಿದು ಕಾಪುವಿನ ಬಸ್ಸು ಹತ್ತಲು ಧೈರ್ಯ ಸಾಲದೆ ಕೆಮ್ಮಣ್ಣಿಗೆ ಹೋಗಿ ಕೂತಿದ್ದ. ಅಲ್ಲಿ ಹೊಳೆಯಲ್ಲಿ ಮರುವಾಯಿ ಚಿಪ್ಪು ಹೆಕ್ಕುವವರ ಜೊತೆ ಎಡಗೈಯಲ್ಲಿ ಹೆಕ್ಕಿಕೊಂಡು, ಅವರ ಚಾವಡಿಯಲ್ಲಿ ಮಲಗಿಕೊಂಡು ಇದ್ದ. ಕೆಮ್ಮಣ್ಣು ಉಮಾನಾಥನ ಹೆಂಡತಿ ಸರಸನ ತವರು. ಅವಳು ತಾಯಿಯನ್ನು ನೋಡಲು ಹೋದವಳು ಇವನನ್ನು ಕಂಡಳು. ಇವನು ಕೈಯನ್ನು ಅಂಗಿಯೊಳಗೆ ಹಾಕಿಕೊಂಡ. ಅವಳು ಹೊಳೆಗೆ ಇಳಿದು ಹೋಗಿ, ಕೈ ಹೊರಗೆ ತೆಗೆಸಿ ನೋಡಿದಳಂತೆ. ಅಲ್ಲಿಂದ ಸೀದಾ ನಮ್ಮ ಮನೆಗೆ ಬಂದಳು. ಅಪ್ಪಿಯಕ್ಕ, ನಿಮ್ಮ ಹುಡುಗ ಕೆಮ್ಮಣ್ಣಿನಲ್ಲಿ ಉಂಟು ಎಂದು ಅಳುತ್ತಾ ಹೇಳಿದಳು. ನಾನು ಅವಳಿಗೆ ಎಷ್ಟು ಬೈದಿದ್ದೆ ಎಂದು ಭೋಜನಿಗೆ ಬರೆದ ಕಾಗದಗಳಲ್ಲಿ ನೀವೂ ಓದಿರಬೇಕು. ಚಾ ಕುಡಿದು ಹೋಗು ಎಂದೆ. ಅಷ್ಟೇ ಬಾಯಿಗೆ ಬಂತು.

ಹೋಗಿ ಕರೆತಂದು ಹೊಯಿಗೆಯಲ್ಲಿ ಕೂರಿಸಿದೆವು. ಮೊದಲ ದಿನ ಯಾರೂ ಮಾತಾಡಲಿಲ್ಲ. ಎರಡನೇ ದಿನ ಬೈದರು, ಆಗ ನನಗೆ ಸಮಾಧಾನವಾಯಿತು. ಗುರಿಕಾರರು ಪಾಲು ಹಾಕಿದರು. ಎಷ್ಟು ಎನ್ನುತ್ತೀರಿ? ಒಂದು ಸಾರಿಗೆ ಸಾಲದಷ್ಟು ಬೂತಾಯಿ. ಕಡಿಮೆ ಕೊಟ್ಟದ್ದಲ್ಲ, ಎಲ್ಲರಿಗೂ ಬಂದದ್ದು ಅಷ್ಟೇ. ಬರುವ ವರ್ಷ ರಂಪಣಿ ಇಲ್ಲವಂತೆ. ಬಲೆಯ ಹೊಲಿಗೆ ಬಿಚ್ಚಿ ಅವರವರ ತುಂಡು ಅವರವರು ತೆಗೆದುಕೊಂಡು ಹೋಗಬಹುದು ಎಂದು ಗುರಿಕಾರರು ಹೇಳಿದ್ದಾರೆ. ಇನ್ನೂ ಯಾರೂ ಹೋಗಿಲ್ಲ.

ಮಣಿಪಾಲದ ಡಾಕ್ಟರಿಗೂ ಕೈ ತೋರಿಸಿದೆವು. ಒಂದು ಬೆರಳು ಸ್ವಲ್ಪ ಬಗ್ಗಬಹುದು, ಇನ್ನೊಂದು ಹೀಗೆಯೇ ಎಂದರು.

ಮೇ ತಿಂಗಳ ಕೊನೆಯಲ್ಲಿ ಬೋಟುಗಳು ಮಲ್ಪೆಗೆ ಬಂದವು. ಧರ್ಮಪಾಲಣ್ಣನ ಮನೆಯಲ್ಲಿ ಲೆಕ್ಕ ತೀರಿಸುವ ದಿನ ನಾನು ಭೋಜನನ್ನು ಎಬ್ಬಿಸಿ ಕರೆದುಕೊಂಡು ಹೋದೆ. ನಾನು ಓಡಿಹೋದವನು, ನನಗೆ ಅಲ್ಲಿ ಏನಿದೆ ಎಂದ. ಬುಟ್ಟಿ ಹೊರಲು ಜನ ಬೇಕು, ಬಾ ಎಂದೆ. ಬುಟ್ಟಿಯಲ್ಲಿ ಏನೂ ಇರಲಿಲ್ಲ.

ಅಂಗಳದಲ್ಲಿ ಬೋಟಿನ ಜನ ಎಲ್ಲ ಸೇರಿದ್ದರು. ಹೊಸ ಅಂಗಿ, ತಲೆಗೆ ಎಣ್ಣೆ. ನಮ್ಮನ್ನು ಕಂಡು ಜಾಗ ಬಿಟ್ಟು ಸರಿದರು. ನಾವಿಬ್ಬರೂ ಮಾವಿನ ಮರದ ಬುಡದಲ್ಲಿ, ಎಲ್ಲರ ಎದುರಿಗೆ ಕೂತೆವು. ಒಬ್ಬೊಬ್ಬರ ಹೆಸರು ಕರೆದು ಕೊಟ್ಟರು. ಭೋಜನ ದುಡಿಮೆಯದ್ದೂ ಅದರಲ್ಲಿ ಹಂಚಿ ಸೇರಿತ್ತು, ಅದು ಅವರಿಗೂ ಗೊತ್ತು. ನಮ್ಮ ಎದುರಿನಿಂದ ಹೋಗುವಾಗ ಎಲ್ಲರಿಗೂ ನೆಲದ ಮೇಲೆ ಏನೋ ಹುಡುಕುವ ಕೆಲಸ ಬಂತು.

ಕೊನೆಗೆ ಉಮಾನಾಥನ ಸರದಿ. ಅವನು ಕೈ ಚಾಚಲಿಲ್ಲ. ಯಜಮಾನ್ರೇ, ಒಂದು ಮಾತುಂಟು ಎಂದ.

ಏನು ಮಾರಾಯ, ಬೇಗ ಹೇಳು ಎಂದರು ಧರ್ಮಪಾಲಣ್ಣ.

ಅವನು ಓಡಿಹೋಗಲಿಲ್ಲ. ದಕ್ಕೆಯಲ್ಲಿ ಕೂತಿದ್ದ. ನಾನು ದಿನಾ ನೋಡಿದ್ದೇನೆ.

ಹಾಗಾದರೆ ಅಂದು ಯಾಕೆ ಓಡಿಹೋದ ಎಂದು ಹೇಳಿದ್ದು?

ಒಬ್ಬ ಕಡಿಮೆ ಇದ್ದುಕೊಂಡು ಹಗ್ಗ ಎಳೆದವರು ನಾವು. ಹುಡುಗರು ಕೇಳಿದರು, ಅವನ ಪಾಲಾದರೂ ನಮಗೆ ಬೇಡವಾ ಎಂದು. ನಾನು ಹ್ಞೂಂ ಅಂದೆ. ಈಗ ಮನೆಯಲ್ಲಿ ಹೆಂಡತಿ ನನಗೆ ಬಡಿಸಿ ಬೇರೆ ಕಡೆ ನೋಡುತ್ತಾಳೆ ಎಂದ.

ಯಾರೂ ನಗಲಿಲ್ಲ. ಒಬ್ಬ ಮಾತ್ರ ಕೊಟ್ಟದ್ದನ್ನು ತಿರುಗಿ ಯಾರು ಕೊಡುತ್ತಾರೆ ಎಂದು ಗೊಣಗಿದ. ಯಾರೂ ತಿರುಗಿ ಕೊಡಲೂ ಇಲ್ಲ, ಸುಳ್ಳು ಯಾಕೆ ಹೇಳಲಿ. ಉಮಾನಾಥ ತನ್ನದರಿಂದ ತೆಗೆದ. ಧರ್ಮಪಾಲಣ್ಣ ಅದಕ್ಕೆ ಸ್ವಲ್ಪ ಸೇರಿಸಿದರು. ಕೈ ಪೆಟ್ಟಾದ ದಿನದವರೆಗಿನದ್ದು ಮಾತ್ರ, ಆಮೇಲಿನದ್ದು ಕೇಳಬಾರದು ಎಂದರು. ನಾನು ಬಾಯಿ ತೆರೆದೆ. ಭೋಜ ನನ್ನ ಸೆರಗು ಹಿಡಿದು ಎಳೆದ. ಮುಚ್ಚಿದೆ.

ಹಣ ನನ್ನ ಕೈಗೆ ಕೊಡಲು ಬಂದರು. ನಾನು ಬೋಟಿನಲ್ಲಿ ಇರಲಿಲ್ಲ, ಇದ್ದವನಿಗೆ ಕೊಡಿ ಎಂದೆ. ಊರಿಗೆ ಬಂದಂದಿನಿಂದ ಅವನು ಜನರ ಎದುರಿಗೆ ಬಲಗೈ ತೆಗೆದದ್ದಿಲ್ಲ, ಹೊಯಿಗೆಯಲ್ಲೂ ಪಂಚೆಯ ಮಡಿಕೆಯಲ್ಲಿ ಇಟ್ಟುಕೊಂಡೇ ಕೂರುತ್ತಿದ್ದ. ಎಡಗೈ ಮುಂದೆ ಮಾಡಿದ. ಲಕ್ಷ್ಮಿಯನ್ನು ಎಡಗೈಗೆ ಕೊಡುವುದು ಹೇಗೆ ಎಂದು ಧರ್ಮಪಾಲಣ್ಣ ಹಾಗೆಯೇ ನಿಂತರು. ಬೋಟಿನ ಜನ ಎಲ್ಲ ನೋಡುತ್ತಿದ್ದರು. ಆಗ ಬಲಗೈ ತೆಗೆದು ಚಾಚಿದ. ಅವರು ನೋಟುಗಳನ್ನು ಅದರ ಮೇಲಿಟ್ಟು, ಬೀಳದ ಹಾಗೆ ಅವನ ಹೆಬ್ಬೆರಳನ್ನು ತಾವೇ ಮಡಚಿದರು.

ಹೆಸರು ತೆಗೆದಿದ್ದಾರೆ. ಮಳೆಗಾಲ ಮುಗಿದ ಮೇಲೆ ಉಮಾನಾಥ ಅವನನ್ನು ಪುನಃ ರತ್ನಗಿರಿಗೆ ಕರೆಯುತ್ತಿದ್ದಾನೆ. ಹಗ್ಗದ ಕೆಲಸ ಬೇಡ, ಇಂಜಿನ್ ನೋಡಿಕೊಳ್ಳಲು ಕಲಿಸುತ್ತೇನೆ ಎನ್ನುತ್ತಾನೆ. ಭೋಜ ಈಗಲೇ ಹೊರಟು ನಿಂತ ಹಾಗೆ ಮಾಡುತ್ತಾನೆ. ಮನೆಯಲ್ಲಿ ಕೂತರೆ ಕಾಲು ಅಲ್ಲಾಡಿಸುತ್ತಾನೆ, ನಿಂತರೆ ಸಮುದ್ರದ ಕಡೆ ನೋಡುತ್ತಾನೆ. ಬೇಬಿ ಬೇಡ ಎನ್ನುತ್ತಾಳೆ. ನನ್ನನ್ನು ಕೇಳಿದ. ನಿನಗೆ ಸರಿ ಕಂಡ ಹಾಗೆ ಮಾಡು ಎಂದೆ. ಬೇಬಿ ಒಲೆಯ ಎದುರಿನಿಂದ ತಿರುಗಿ ನನ್ನನ್ನೇ ನೋಡಿದಳು, ಜ್ವರ ಬಂದಿದೆಯಾ ಎನ್ನುವ ಹಾಗೆ.

ಅವನು ಅಲ್ಲಿಗೆ ಬಂದರೆ ಊಟಕ್ಕೆ ನಿಮ್ಮಲ್ಲಿಗೇ ಬರುತ್ತಾನೆ. ಒಂದು ಉಪಕಾರ ಮಾಡಿ ಲೊರ್ನಾಬಾಯಿ. ಅವನಿಗೆ ಮೈಯಲ್ಲಿ ಹುಷಾರಿಲ್ಲದಿದ್ದರೆ, ಪೆಟ್ಟಾದರೆ, ಏನೇ ಆದರೂ ನನಗೆ ಬರೆದು ಉತ್ತರಕ್ಕೆ ಕಾಯಬೇಡಿ. ಆ ಬೋಟಿನ ಕಟ್ಟಳೆ ಎಂತ ಎಂದು ಅಲ್ಲೇ ನಾಲ್ಕು ಜನರಲ್ಲಿ ಕೇಳಿ, ಅವನಿಗೆ ನೀವೇ ಹೇಳಿ. ನಾನು ಹೇಳಿದರೆ ಅವನು ಹಾಗೆಯೇ ಮಾಡುತ್ತಾನೆ.

ಅಪ್ಪಿ